ಕಿವಿ ಮುಚ್ಚಿ ನೋಡಿದ ದೆವ್ವದ ಚಿತ್ರ

ದೆವ್ವದ ಚಿತ್ರ ನೋಡುವಾಗ ಜನ ಕಣ್ಣು ಮುಚ್ಚಿಕೊಳ್ಳುತ್ತಾರೆ, ದಡ್ಡರು. ಕಣ್ಣಿಗೆ ಕಾಣುವ ದೆವ್ವ ಸುಣ್ಣ ಬಳಿದುಕೊಂಡ ಹೆಂಗಸಷ್ಟೇ, ಭಯವೆಲ್ಲ ಬರುವುದು ಆ ಹಾಳು ಸಂಗೀತದಿಂದ. ಸೆರಗಿನ ಎರಡು ಮೂಲೆಗಳನ್ನು ಉಂಡೆ ಮಾಡಿ ಎರಡು ಕಿವಿಗೂ ತುರುಕಿಕೊಳ್ಳಿ, ಎಂಥ ಪಿಶಾಚಿಯೂ ಹಲ್ಲುನೋವಿನಿಂದ ಬಾಯಿ ತೆರೆದ ಬಡಪಾಯಿಯಂತೆ ಕಾಣುತ್ತದೆ. ಅಕ್ಷರ ಕೂಡಿಸಿ ಓದುವಷ್ಟು, ಸೊಟ್ಟಗೆ ಗೀಚುವಷ್ಟು ಮಾತ್ರ ನನ್ನ ವಿದ್ಯೆ. ಆದರೂ ಈ ಒಂದು ಶಾಸ್ತ್ರದಲ್ಲಿ ನಾನು ಪಂಡಿತೆಯೆಂದು ಬಹಳ ದಿನ ಬೀಗಿದ್ದೆ.

ಎಪ್ಪತ್ತರ ದಶಕದ ನಡುವೆ ಮಂಡ್ಯದ ಟಾಕೀಸೊಂದಕ್ಕೆ ಅಂಥ ಚಿತ್ರದ ಎರಡನೇ ಭಾಗ ಬಂತು. ಮೊದಲ ಭಾಗದಲ್ಲಿ ಒಬ್ಬ ಹುಡುಗಿಗೆ ಹಿಡಿದಿದ್ದ ದೆವ್ವವನ್ನು ಗಂಡಹೆಂಡಿರಿಬ್ಬರು ಬಿಡಿಸಿದ್ದರಂತೆ; ಇದರಲ್ಲಿ ಅದು ಮರಳಿ ಬಂದಿತ್ತು. ಆ ದಂಪತಿ ಬೇವಿನ ಸೊಪ್ಪಿನವರಲ್ಲ, ತಂತಿ, ಪೆಟ್ಟಿಗೆ, ಟೇಪ್‌ರೆಕಾರ್ಡರ್ ಹೊತ್ತು ದೆವ್ವದ ತನಿಖೆ ಮಾಡುವವರು. ಭಾಷೆ ನಮ್ಮದಲ್ಲ, ಕಿರುಚುವುದಕ್ಕೆ ಯಾವ ಭಾಷೆಯಾದರೇನು? ಗೆಜ್ಜಲಗೆರೆಯ ಕಾರ್ಖಾನೆಗೆ ಹೋಗುತ್ತಿದ್ದ ಮಗ ಶಿವಣ್ಣ, ನಾನು, ಏಳು ತಿಂಗಳ ಬಸುರಿ ಸೊಸೆ ಸುಶೀಲ ಮದ್ದೂರಿನಿಂದ ಬಸ್ಸು ಹತ್ತಿ ಮ್ಯಾಟಿನಿಗೆ ಹೊರಟೆವು.

"ಬಸುರಿ ಎಂಗುಸ್ಗೆ ದೆವ್ವದ್ ಪಿಚ್ಚರ್ ತೋರುಸ್ತಾರೇನಮ್ಮಿ?" ಎಂದಳು ಪಕ್ಕದ ಮನೆಯ ಕೆಂಪಮ್ಮ.

"ದಿನಾ ನನ್ ಮಕ ನೋಡ್ತಾವ್ಳೆ, ಅದ್ಕಿಂತ ದೆವ್ವ ಎಚ್ಚಾ?" ಎಂದೆ.

ಮಾತು ಸುಳ್ಳಲ್ಲ. ಚೊಚ್ಚಲ ಹೆರಿಗೆಗೆ ಅವಳನ್ನು ಮಳವಳ್ಳಿಯ ತವರಿಗೆ ಕಳಿಸಬೇಕಿತ್ತು. ಎರಡು ಸಲ ಕರೆಯಲು ಬಂದ ಅವಳಪ್ಪನನ್ನು, ಮನೆಗೆಲಸದ ನೆವ ಹೇಳಿ, ಕಾಫಿ ಕುಡಿಸಿ ಸಾಗಹಾಕಿದ್ದೆ.

ಚಿತ್ರದಲ್ಲಿ ದೆವ್ವ ಹಿಡಿದವಳ ಬಾಯಿಗೆ ತನಿಖೆಯವರು ಟೇಪಿನ ಪೆಟ್ಟಿಗೆ ಒಡ್ಡಿದ್ದರು. ಆಗ ಸುಶೀಲ ನನ್ನ ತೋಳು ಜಗ್ಗಿದಳು. ಕಿವಿಯಿಂದ ಸೆರಗು ಕಿತ್ತೆ.

"ಅತ್ತೆ, ತಲೆ ಸಿಡೀತಾದೆ. ಎಲ್ಲಾ ಎಲ್ಡೆಲ್ಡು ಕಾಣ್ತಾದೆ."

"ದೆವ್ವದ್ ಪಿಚ್ಚರ್ ಅಂಗೇ ಕಣಮ್ಮಿ, ಸುಮ್ಕೆ ನೋಡು," ಎಂದು ಮತ್ತೆ ಕಿವಿ ಮುಚ್ಚಿಕೊಂಡೆ. ಆಮೇಲೂ ಅವಳ ತುಟಿ ಅಲುಗಿದ್ದು ಕಂಡೆ. ಪಾದ ಊದಿ ಚಪ್ಪಲಿಯ ಪಟ್ಟಿ ಹೂತುಹೋಗಿದ್ದನ್ನೂ ಕಂಡೆ.

ಮರುದಿನ ಬೆಳಿಗ್ಗೆ ಶಿವಣ್ಣ ಕಾರ್ಖಾನೆಗೆ ಹೋದ ಮೇಲೆ, ಪಾತ್ರೆ ಬೆಳಗುತ್ತಿದ್ದ ಸುಶೀಲ ಸೆಟೆದು ಬಿದ್ದಳು. ಕಣ್ಣುಗುಡ್ಡೆ ಮೇಲೆ, ಬಾಯಲ್ಲಿ ನೊರೆ.

"ಪಿಚ್ಚರ್‌ನಾಗಿನ ದೆವ್ವ ಅತ್ಕಂಡ್ ಬಂದದೆ ಕಣಮ್ಮೋ! ಬೇವಿನ್ ಸೊಪ್ಪು ತತ್ತಾ!" ಎಂದು ಕೆಂಪಮ್ಮ ಬೊಬ್ಬೆಯಿಟ್ಟಳು.

ನಾನು ನಕ್ಕೆ. ಯಾಕೆಂದರೆ ಹೊಸ ಸೊಸೆಯಾಗಿದ್ದಾಗ ನನ್ನ ಅತ್ತೆಯೂ ನನ್ನನ್ನು ಯಲಿಯೂರಿನ ತವರಿಗೆ ಕಳಿಸದೆ ಸತಾಯಿಸಿದ್ದಳು. ನಾನು ಕೂದಲು ಕೆದರಿ, ಕಣ್ಣು ತಿರುಗಿಸಿ, ಮೈಮೇಲೆ ಬಂದವಳಂತೆ ಅರಚಿದ್ದೆ. ಹಿರಿಯರೆಲ್ಲ ಕೈಮುಗಿದು ಮಾರನೆಯ ದಿನದ ರೈಲಿಗೇ ಹತ್ತಿಸಿದ್ದರು. ಅದು ಮೊದಲ ಭಾಗ. ಇದು ಎರಡನೆಯದು ಎಂದುಕೊಂಡೆ.

"ಏಳೇ ನಾಟಕದೋಳೆ, ಈ ವೇಸ ನಿನ್ಗಿಂತ ಮುಂಚೆ ನಾನೇ ಆಕಿವ್ನಿ!" ಎಂದು ಕೆನ್ನೆಗೊಂದು ಬಿಟ್ಟೆ.

ಏಳಲಿಲ್ಲ. ಕೆಂಪಮ್ಮನನ್ನೂ ಅವಳ ಬೇವಿನ ಸೊಪ್ಪನ್ನೂ ಹೊರಗಟ್ಟಿ, ಹಸಿವಾದರೆ ತಾನೇ ಎದ್ದಾಳೆಂದು ಬಾಗಿಲಿಗೆ ಅಡ್ಡ ಕೂತೆ. ಮಧ್ಯಾಹ್ನ ಮತ್ತೆ ಸೆಟೆದಳು. ಕಚ್ಚಿದ ನಾಲಿಗೆಯಿಂದ ರಕ್ತ ಸುರಿಯಿತು. ನಾಟಕಕ್ಕಾಗಿ ಯಾರೂ ಅಷ್ಟು ಕಚ್ಚಿಕೊಳ್ಳುವುದಿಲ್ಲ. ನಾನು ಕಚ್ಚಿಕೊಂಡಿರಲಿಲ್ಲ.

ಮಂಡ್ಯದ ಆಸ್ಪತ್ರೆಗೆ ಒಯ್ದಾಗ ಡಾಕ್ಟರಮ್ಮ, "ಬಸುರಿನ ನಂಜು, ರಕ್ತದೊತ್ತಡ ಏರಿ ಫಿಟ್ಸ್ ಬಂದಿದೆ. ಬೆಳಿಗ್ಗೇನೇ ಯಾಕೆ ಕರ್ಕೊಂಡ್ ಬರ್ಲಿಲ್ಲ?" ಎಂದರು. ಸುಶೀಲ ಉಳಿದಳು. ಮಗು ಉಳಿಯಲಿಲ್ಲ; ಆಮೇಲೆ ಬೇರೆ ಮಗು ಆಗಲೂ ಇಲ್ಲ.

ಕೆಂಪಮ್ಮ ತಪ್ಪನ್ನು ದೆವ್ವದ ಮೇಲೆ ಹಾಕಿದಳು, ಶಿವಣ್ಣ ಚಿತ್ರದ ಮೇಲೆ. ಪೆಟ್ಟಿಗೆ ಹಿಡಿದು ನನ್ನ ತನಿಖೆ ಮಾಡಲು ಯಾರೂ ಬರಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಆಸ್ಪತ್ರೆಯ ಮಂಚದಿಂದ ಸುಶೀಲ ಒಂದೇ ಸಲ ಕೇಳಿದಳು: "ಟಾಕೀಸ್ನಾಗೆ ಅಷ್ಟೊತ್ತು ಸಂಕಟ ಏಳ್ಕಂಡೆ. ನಿಮ್ಗೆ ಕೇಳುಸ್ಲೇ ಇಲ್ವಾ ಅತ್ತೆ?"

"ಇಲ್ಲ ಕಣವ್ವ," ಎಂದೆ. ನಿಜವನ್ನೇ ಹೇಳಿದೆ. ಅವಳು ಅಂದು ಏನು ಹೇಳಿದ್ದಳೆಂದು ಕೇಳುವ ಧೈರ್ಯ ಬರಲಿಲ್ಲ.

ಈಗಲೂ ದೆವ್ವದ ಚಿತ್ರ ಬಂದರೆ ಶಿವಣ್ಣ ಕರೆದೊಯ್ಯುತ್ತಾನೆ. ದಡ್ಡರಂತೆ ಕಣ್ಣು ಮುಚ್ಚಿ, ಎರಡು ಕಿವಿಯನ್ನೂ ತೆರೆದಿಟ್ಟು ಕೂರುತ್ತೇನೆ. ಪಕ್ಕದಲ್ಲಿ ಸುಶೀಲ ಇರುತ್ತಾಳೆ. ಅವಳು ಏನೂ ಹೇಳುವುದಿಲ್ಲ.