ಜಾಲಹಳ್ಳಿಯ ರಕ್ಕಸಜ್ಜಿ

ನೋಡ್ರಪ್ಪಾ, ಎಸ್‌ಟಿಡಿ ಬೂತಿನಲ್ಲಿ ನಿಂತು ಕೂಗಿ ಹೇಳುವ ವಿಷಯವಲ್ಲ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಇವತ್ತು ಬೆಳಿಗ್ಗೆ ಒಂದು ಹಿಂಡು ಮಕ್ಕಳು ನಮ್ಮ ಗೇಟಿಗೆ ಬಂದಿದ್ದವು. ಪಕ್ಕದ ಕ್ವಾರ್ಟರ್ಸಿನಲ್ಲಿದ್ದ ಮಕ್ಕಳ ಕಥೆಗಾರರು ನೆನಪಿದ್ದಾರಲ್ಲ? ತೀರಿಕೊಂಡ ಮೇಲೆ ದೊಡ್ಡ ಮನುಷ್ಯರಾಗಿದ್ದಾರೆ. ಅವರ ಕಥೆಯ ಜಾಗಗಳನ್ನೆಲ್ಲ ಮಕ್ಕಳಿಗೆ ನಡೆಸಿಕೊಂಡು ಹೋಗಿ ತೋರಿಸಲು ಒಬ್ಬ ಮೇಷ್ಟ್ರು ಹೊರಟಿದ್ದಾರೆ. ಮೊದಲು ವಾಟರ್ ಟ್ಯಾಂಕು, ಆಮೇಲೆ ಹುಣಸೆಮರ, ಆಮೇಲೆ ನಾನು.

"ತುಂಟ ಮಕ್ಕಳನ್ನ ಹುರಿದು ತಿನ್ನೋ ರಕ್ಕಸಜ್ಜಿ ಮನೆ ಇದೇ," ಎಂದರು ಮೇಷ್ಟ್ರು. ನಾನು ಅಂಗಳದಲ್ಲೇ ಹಪ್ಪಳ ಒಣಗಿಸುತ್ತಿದ್ದೆ.

"ಆ ರಕ್ಕಸಿ ನಾನೇ ಕಣ್ರೀ," ಎಂದೆ. ಮೇಷ್ಟ್ರ ಮುಖ ಬಿಳುಚಿಕೊಂಡಿತು. ನಾನಿನ್ನೂ ಬದುಕಿರುವುದು ಪಾಪ ಅವರಿಗೆ ಗೊತ್ತಿರಲಿಲ್ಲ.

ಆ ಕಥೆಗಾರ ಮಹಾನುಭಾವ ನಮ್ಮ ಹಿತ್ತಲಿನ ಸೀಬೆಹಣ್ಣು ಕದ್ದ, ನಾನು ಪೊರಕೆ ಹಿಡಿದು ಅಟ್ಟಿಸಿಕೊಂಡು ಹೋದೆ, ನಡೆದದ್ದು ಇಷ್ಟೇ. ಅದನ್ನೇ ಕಥೆ ಮಾಡಿ ಬರೆದ, ಅಂದಿನಿಂದ ಈ ಬೀದಿಗೆ ನಾನು ರಕ್ಕಸಿ. ಇವತ್ತಾದರೂ ಎಲ್ಲರೆದುರು ನಿಜ ಹೇಳಿಬಿಡೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಮೇಷ್ಟ್ರೇ, "ಅಜ್ಜಿ ಒಳ್ಳೆಯವರು ಮಕ್ಕಳೇ, ಅದು ಬರೀ ಕಥೆ," ಎಂದುಬಿಟ್ಟರು.

ಮುಂದಿದ್ದ ಪುಟ್ಟ ಹುಡುಗಿಯ ತುಟಿ ನಡುಗಿತು. "ಹಂಗಾದ್ರೆ ರಕ್ಕಸಿ ಇಲ್ವಾ? ಪೀಣ್ಯದಿಂದ ನಡ್ಕೊಂಡು ಬಂದ್ವಲ್ಲಾ."

ಇನ್ನೇನು ಮಾಡಲಿ ಹೇಳಿ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಉಳಿದ ನಾಲ್ಕು ಹಲ್ಲು ತೋರಿಸಿ, "ಬಾಣಲೆ ಕಾದಿದೆ. ದಪ್ಪಗಿರೋರು ಯಾರು, ಮುಂದೆ ಬನ್ನಿ," ಎಂದು ಗುಡುಗಿದೆ.

ಮಕ್ಕಳು ಕಿರುಚಿ ಕುಣಿದಾಡಿದವು, ಆದರೆ ಒಂದೂ ಓಡಿಹೋಗಲಿಲ್ಲ. ಹಿಂದೆ ಸರಿದವರು ಮೇಷ್ಟ್ರೊಬ್ಬರೇ. ಗುಂಪಿನಲ್ಲಿ ದಪ್ಪಗಿದ್ದವರೂ ಅವರೊಬ್ಬರೇ.