ಕುಸಾಕಾನ ಮೂರನೆಯ ಪ್ರಬಂಧ

ಕುಸಾಕಾ ತೋರು ಮೂರು ಕಾಲೇಜುಗಳಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ. ಮೂರರಲ್ಲೂ ಅವನದೆನ್ನುವ ಕುರ್ಚಿ ಇರಲಿಲ್ಲ. ಯಾವ ಕಾಲೇಜಿನ ಮೇಷ್ಟರು ಎಂದು ಯಾರಾದರೂ ಕೇಳಿದರೆ, "ಇವತ್ತು ಯಾವ ವಾರ?" ಎಂದು ಅವನೇ ತಿರುಗಿ ಕೇಳಬೇಕಾಗುತ್ತಿತ್ತು. ಅವುಗಳಲ್ಲೊಂದಾದ ತೊಯಾಮಾದ ಖಾಸಗಿ ವಿಶ್ವವಿದ್ಯಾಲಯದಲ್ಲಂತೂ ಅರೆಕಾಲಿಕರಿಗೆಲ್ಲ ಸೇರಿ ಒಂದು ಉದ್ದನೆಯ ಮೇಜು, ಒಂದು ಬಿಸಿನೀರಿನ ಪಾತ್ರೆ, ಗೋಡೆಗೆ ಒರಗಿದ ಪುಟ್ಟ ಲಾಕರುಗಳು. ಇವನ ಲಾಕರಿನ ಬಾಗಿಲು ಮುಚ್ಚುತ್ತಿರಲಿಲ್ಲ. ದೂರು ಕೊಡೋಣವೆಂದರೆ ಒಳಗೆ ಕದಿಯುವಂಥದ್ದು ಏನೂ ಇರಲಿಲ್ಲ.

ಆ ಚಳಿಗಾಲದಲ್ಲಿ ಪಕ್ಕದ ಜಿಲ್ಲೆ ಇಶಿಕಾವಾದ ಒಂದು ಸಣ್ಣ ಕಾಲೇಜು ಕಾಯಂ ಉಪನ್ಯಾಸಕರಿಗಾಗಿ ಅರ್ಜಿ ಕರೆಯಿತು. ಅಚ್ಚಾದ ಪ್ರಬಂಧ ಮೂರಾದರೂ ಇರಬೇಕು. ಕುಸಾಕಾನ ಹತ್ತಿರ ಎರಡಿದ್ದವು. ಮೂರನೆಯದಕ್ಕೆ ಉಳಿದಿದ್ದ ಒಂದೇ ದಾರಿಯೆಂದರೆ ತೊಯಾಮಾದ ಆ ವಿಶ್ವವಿದ್ಯಾಲಯದವರು ವರ್ಷಕ್ಕೊಮ್ಮೆ ಹೊರತರುತ್ತಿದ್ದ ಸಂಶೋಧನಾ ಸಂಚಿಕೆ. ಅದರಲ್ಲಿ ಬರೆಯುವವರು ಅದನ್ನು ಓದುತ್ತಿರಲಿಲ್ಲ, ಓದುವವರು ಇನ್ನೂ ಹುಟ್ಟಿರಲಿಲ್ಲ. ಆದರೂ ಎಣಿಕೆಗೆ ಅದು ಎಣಿಕೆಯೇ. ಒಂದೇ ತೊಡಕು: ಸಂಚಿಕೆಯ ಮುಂಭಾಗದಲ್ಲಿ 'ಪ್ರಬಂಧ'ಗಳು, ಹಿಂಭಾಗದಲ್ಲಿ 'ತರಗತಿ ವರದಿ'ಗಳು. ಕೆಲಸ ಕೊಡುವವರು ಹಿಂಭಾಗದ ಹಾಳೆ ತಿರುಗಿಸುತ್ತಿರಲಿಲ್ಲ.

ಅವನಿಗೆ ಪ್ರಯೋಗಾಲಯವಿರಲಿಲ್ಲ, ಅನುದಾನವಿರಲಿಲ್ಲ. ತರಗತಿಗಳು ಮಾತ್ರ ಬೇಕಾದಷ್ಟಿದ್ದವು. ಪ್ರಶ್ನೆ ಕೇಳಿದೊಡನೆ ಹುಡುಗರು ಮೊದಲು ಪಕ್ಕದವರ ಕಡೆ ತಿರುಗಿ ಪಿಸುಗುಟ್ಟುವುದನ್ನು ಎಲ್ಲ ಮೇಷ್ಟರೂ ಕಂಡಿದ್ದರು, ಎಲ್ಲರೂ ಗದರಿಸಿದ್ದರು. ಕುಸಾಕಾ ಗದರಿಸುವ ಬದಲು ಧ್ವನಿಮುದ್ರಣ ಮಾಡಿಕೊಂಡಿದ್ದ. ಹೀಗೆ ಎರಡು ವರ್ಷ ಕೂಡಿಹಾಕಿದ ಪಿಸುಮಾತುಗಳೇ ಪ್ರಬಂಧವಾದವು.

ಅರೆಕಾಲಿಕರು ಬರೆದದ್ದಕ್ಕೆ ಕಾಯಂ ಅಧ್ಯಾಪಕರೊಬ್ಬರ ಶಿಫಾರಸು ಬೇಕಿತ್ತು. ಕುಸಾಕಾ ಎಡವಿದ್ದು ಇಲ್ಲಿ. ಮೊದಲನೆಯ ಮಹಡಿಯಲ್ಲಿ, ಮೆಟ್ಟಿಲಿಗೆ ಅಂಟಿಕೊಂಡಂತಿದ್ದ ಕೋಣೆ ಹತಾನೋ ಮೇಡಂ ಅವರದು. ವಯಸ್ಸಿನಲ್ಲೂ ಹುದ್ದೆಯಲ್ಲೂ ಕಿರಿಯರು, ನಗುಮುಖದವರು. ಅವರಿಗೆ ತೋರಿಸಿ ಸಹಿ ಹಾಕಿಸಿಕೊಂಡುಬಿಟ್ಟ. ಆ ಊರಿನಲ್ಲಿ ಯಾವ ಕೆಲಸವಾದರೂ ಸಭೆಗೆ ಬರುವ ಮೊದಲೇ ಮನೆಮನೆಗೆ ಹೋಗಿ ಒಪ್ಪಿಗೆ ಪಡೆದಿರಬೇಕು, ಅದೂ ಹಿರಿಯರಿಂದ ಶುರುಮಾಡಿ ಕೆಳಗಿಳಿಯಬೇಕು. ಕೆಳಗಿಂದ ಮೇಲಕ್ಕೆ ಹತ್ತಿದವನು ಕಳ್ಳ. ಇದು ಅಂಗಡಿಯ ಹುಡುಗನಿಗೂ ಗೊತ್ತಿರುವ ಮಾತು, ಕುಸಾಕಾನಿಗೂ ಗೊತ್ತಿತ್ತು. ಆದರೆ ಅವತ್ತು ಹಿಮ ಬೀಳುತ್ತಿತ್ತು, ರೈಲಿಗೆ ಹೊತ್ತಾಗಿತ್ತು.

ಸಂಪಾದಕ ಮಂಡಳಿಯ ಮುಂದೆ ಅವನು ಪ್ರಬಂಧವನ್ನು ಓದಿ ಮುಗಿಸಿದಾಗ ಎಲ್ಲರಿಗಿಂತ ಹಿರಿಯರಾದ ತೊಕಿವಾ ಪ್ರಾಧ್ಯಾಪಕರು ಕೈಯೆತ್ತಿದರು.

"ನನಗೆ ಈ ವಿಷಯದ ಗಂಧಗಾಳಿ ಇಲ್ಲ. ದಡ್ಡನ ಪ್ರಶ್ನೆ ಅಂದ್ಕೊಂಡು ಕ್ಷಮಿಸ್ಬೇಕು."

ಸುತ್ತ ಕೂತವರೆಲ್ಲ ಪೆನ್ನು ಕೆಳಗಿಟ್ಟರು. ಆ ವಿಷಯದ ಪಠ್ಯಪುಸ್ತಕವನ್ನೇ ಬರೆದವರು ಹೀಗೆ ಪೀಠಿಕೆ ಹಾಕಿದರೆ ಎದುರಿಗಿದ್ದವನಿಗೆ ಶನಿ ಹೆಗಲೇರಿದನೆಂದೇ ಅರ್ಥ.

"ಇದು ಸಂಶೋಧನೆಯೋ, ಪಾಠ ಮಾಡಿದ ದಿನಚರಿಯೋ? ಪಕ್ಕದವನನ್ನ ಕೇಳಿ ಉತ್ತರ ಹೇಳೋದಕ್ಕೆ ನಮ್ಮ ಕಾಲದಲ್ಲಿ ಕಾಪಿ ಅಂತಿದ್ವಿ."

ಸಭೆ ಒಮ್ಮೆ ತೊಕಿವಾರ ಮುಖ ನೋಡಿ, ನಗಬಹುದೆಂದು ಖಾತ್ರಿಪಡಿಸಿಕೊಂಡು, ನಕ್ಕಿತು.

"ಕಾಪಿ ಹೊಡೆಯೋಕೆ ಪಕ್ಕದವನಿಗಾದ್ರೂ ಗೊತ್ತಿರ್ಬೇಕಲ್ಲ, ಸೆನ್ಸೇ," ಎಂದ ಕುಸಾಕಾ, ಗುರುಗಳನ್ನು ಕರೆಯುವ ಮಾತು ಬಿಡದೆ. "ಇಬ್ರಿಗೂ ಗೊತ್ತಿಲ್ದೆ ಇದ್ದಾಗ್ಲೂ ಇಬ್ರೂ ಸೇರಿ ಸರಿ ಉತ್ತರ ಹೇಳಿದಾರೆ. ನಾನು ಬರೆದಿರೋದೇ ಅದು."

"ಓಹೋ. ಬಹಳ ಸ್ವಾರಸ್ಯವಾಗಿದೆ," ಎಂದರು ತೊಕಿವಾ. ಅದಕ್ಕಿಂತ ಕೆಟ್ಟ ಬೈಗುಳ ಆ ಕಟ್ಟಡದಲ್ಲಿ ಇರಲಿಲ್ಲ. ಹತಾನೋ ಮೇಡಂ ತಮ್ಮ ಚಹಾ ಬಟ್ಟಲಿನ ತಳವನ್ನು ಪರೀಕ್ಷಿಸುತ್ತ ಕೂತಿದ್ದರು.

ಸಭೆ ಮುಗಿದ ಮೇಲೆ ಕಾರಿಡಾರಿನ ಮಾರಾಟ ಯಂತ್ರದ ಬಳಿ ತೊಕಿವಾ ಒಂದು ಬಿಸಿ ಕಾಫಿ ಡಬ್ಬಿ ಕೊಂಡು ಅವನ ಕೈಗಿಟ್ಟರು.

"ಕುಸಾಕಾ-ಕುನ್, ಹತಾನೋ ಹತ್ರ ಮೊದಲು ಹೋದ್ಯಂತೆ?" ಎಂದರು, ಕಿರಿಯರ ಹೆಸರಿಗೆ ಹಚ್ಚುವ 'ಕುನ್' ಹಚ್ಚಿ.

"ಅವರ ಕೋಣೆ ಮೆಟ್ಟಿಲ ಪಕ್ಕದಲ್ಲೇ ಇತ್ತು, ಸೆನ್ಸೇ."

"ನನ್ನದು ಮೇಲಿನ ಮಹಡಿ. ಲಿಫ್ಟ್ ಇದೆ."

ಕುಸಾಕಾ ತಲೆಬಾಗಿದ.

"ಹೋಗ್ಲಿ ಬಿಡು. ನನ್ನ ಹೆಸರು ಮೊದಲು, ಆಮೇಲೆ ನಿಂದು. ಹಾಗ್ಮಾಡಿದ್ರೆ ಅದು ಪ್ರಬಂಧ ಆಗತ್ತೆ. ಇಲ್ಲಾಂದ್ರೆ ವರದಿ. ಇಶಿಕಾವಾದವರಿಗೆ ಮೂರು ಬೇಕಂತಲ್ಲ? ನಂಗೂ ಡೀನ್ ಕಾಟ, ಈ ವರ್ಷ ಹೊಸದೇನು ಅಂತ."

ಕುಸಾಕಾ ಹಲ್ಲುಗಳ ನಡುವೆ ಉಸಿರೆಳೆದುಕೊಂಡ. "ಅದು... ಸ್ವಲ್ಪ..." ಎಂದು ಮಾತನ್ನು ಅಲ್ಲಿಗೇ ಬಿಟ್ಟ.

ಅವರ ಜನರಲ್ಲಿ ಇದಕ್ಕಿಂತ ಸ್ಪಷ್ಟವಾದ ನಿರಾಕರಣೆಯಿಲ್ಲ. ಮೂರನೆಯ ತರಗತಿಯ ಮಗುವಿಗೂ ಅರ್ಥವಾಗುತ್ತದೆ. ತೊಕಿವಾರಿಗೂ ಅರ್ಥವಾಯಿತು. "ಸರಿ ಮತ್ತೆ, ಒಪ್ಪಿಗೆ ಅಂದ್ಕೊಳ್ತೀನಿ," ಎಂದು ಅವನ ತೋಳು ತಟ್ಟಿ ಲಿಫ್ಟಿನತ್ತ ನಡೆದರು.

ಡಬ್ಬಿ ಅಂಗೈ ಸುಡುತ್ತಿತ್ತು. ಅವನು ಮಾಡಬೇಕಾದ್ದು ಏನೂ ಇರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿರುವುದರಲ್ಲಿ ಅವನಿಗೆ ಹುಟ್ಟಿನಿಂದ ಅಭ್ಯಾಸವಿತ್ತು. ಇಶಿಕಾವಾದಲ್ಲಿ ಕೋಣೆ ಸಿಗುತ್ತದೆ, ಬಾಗಿಲ ಮೇಲೆ ಹೆಸರಿರುತ್ತದೆ, ಅಮ್ಮ ನೆರೆಯವರಿಗೆ ಒಂದೇ ಕಾಲೇಜಿನ ಹೆಸರು ಹೇಳಬಹುದು. ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೂ ಅವನ ಕಾಲು ಓಡಿತು. ಧೈರ್ಯವೆಂದು ಆಮೇಲೆ ಅವನೇ ಹೇಳಿಕೊಳ್ಳಲಿಲ್ಲ, ಉರಿಯೆಂದ.

"ಸೆನ್ಸೇ, ಆಗಲ್ಲ."

ಲಿಫ್ಟಿನ ಬಾಗಿಲಿಗೆ ಕೈ ಅಡ್ಡ ಹಿಡಿದು ತೊಕಿವಾ ತಿರುಗಿದರು. "ಏನಾಗಲ್ಲ?"

"ನಿಮ್ಮ ಹೆಸರು ಹಾಕಲ್ಲ. ಆ ತರಗತೀಲಿ ನೀವು ಇರ್ಲಿಲ್ಲ."

ಲಿಫ್ಟಿನೊಳಗಿದ್ದ ಕಚೇರಿಯ ಹೆಂಗಸು ಗಾಬರಿಯಿಂದ ಗುಂಡಿಗಳತ್ತ ಮುಖ ತಿರುಗಿಸಿದಳು. ಪೂರ್ತಿ ವಾಕ್ಯದಲ್ಲಿ ಇಲ್ಲವೆನ್ನುವವನನ್ನು ಅವಳು ಆ ಕಟ್ಟಡದಲ್ಲಿ ನೋಡಿದ್ದಂತಿರಲಿಲ್ಲ.

"ಕಷ್ಟ ಪಡ್ತೀಯ," ಎಂದರು ತೊಕಿವಾ ತಣ್ಣಗೆ. ಬಾಗಿಲು ಮುಚ್ಚಿತು.

ಮಾರ್ಚಿನಲ್ಲಿ ಸಂಚಿಕೆ ಬಂತು. ಕುಸಾಕಾ ಹಿಂಭಾಗದಲ್ಲಿದ್ದ, ವರದಿಯಾಗಿ, ಒಬ್ಬನೇ. ಇಶಿಕಾವಾದವರು ಅವನ ಮುಂದಿನ ಏಳಿಗೆಯನ್ನು ಹಾರೈಸಿ, ಕೆಲಸವನ್ನು ಬೇರೆಯವರಿಗೆ ಕೊಟ್ಟರು. ತೊಯಾಮಾದ ಹೊಸ ವೇಳಾಪಟ್ಟಿಯಲ್ಲಿ ಅವನ ತರಗತಿಗಳೆಲ್ಲ ಮಾಯವಾಗಿ ಒಂದೇ ಒಂದು ಉಳಿಯಿತು: ಸೋಮವಾರ ಮುಂಜಾನೆಯ ಮೊದಲ ಅವಧಿ.

ಹತಾನೋ ಮೇಡಂ ಲಾಕರುಗಳ ಬಳಿ ಅವನನ್ನು ತಡೆದು ನಿಲ್ಲಿಸಿದರು. "ಕುಸಾಕಾ ಅವರೇ, ಅವತ್ತು ನಾನು ಒಂದು ಮಾತು ಹೇಳ್ಬೇಕಿತ್ತು."

ಛೆ ಛೆ, ಹಾಗೇನಿಲ್ಲ ಎನ್ನುವುದು ರೂಢಿ.

"ಹೌದು, ಹೇಳ್ಬೇಕಿತ್ತು," ಎಂದು ಅವನು ಒಳಗೆ ಹಾಕುವ ಚಪ್ಪಲಿ ಬಿಟ್ಟು ಬೂಟು ಮೆಟ್ಟಿ ಹೊರಟ.

ಅದೇ ಧ್ವನಿಮುದ್ರಣಗಳನ್ನಿಟ್ಟುಕೊಂಡು ಹೊಸದಾಗಿ ಬರೆದು, ಬರೆದವರ ಹೆಸರು ಮುಚ್ಚಿಟ್ಟು ಪರಿಶೀಲಿಸುವ, ಶಿಕ್ಷಕರ ಸಂಘದ ಪತ್ರಿಕೆಯೊಂದಕ್ಕೆ ಕಳಿಸಿದ. ಪರಿಶೀಲಕರು ಅವನ ಅಂಕಿಅಂಶಗಳನ್ನು ಚಿಂದಿ ಮಾಡಿ ಹಿಂದಿರುಗಿಸಿದರು. ಓದಿ ಮೈ ಉರಿಯಿತು. ಆದರೂ ಯಾರ ಕೋಣೆಗೆ ಮೊದಲು ಹೋದೆ ಎಂದು ಅವರು ಕೇಳಿರಲಿಲ್ಲ. ಎರಡನೆಯ ಕೋಷ್ಟಕದಲ್ಲಿ ತಪ್ಪಿದೆ ಎಂದಿದ್ದರು. ತಪ್ಪಿತ್ತು ಕೂಡ. ತಿದ್ದತೊಡಗಿದ.

ಮಳೆಗಾಲದ ಒಂದು ಸೋಮವಾರ ನಿಲ್ದಾಣದಲ್ಲಿ ತೊಕಿವಾ ಎದುರಾದರು. ಇಬ್ಬರೂ ಬಾಗಿದರು, ತೊಕಿವಾ ಸ್ವಲ್ಪ, ಇವನು ಬೇಕಾದಷ್ಟೇ.

"ಬರವಣಿಗೆ ನಡೀತಿದ್ಯಾ, ಕುಸಾಕಾ-ಕುನ್?"

"ನಡೀತಿದೆ."

"ನಂಗೆ ಯಾವಾಗ ತೋರಿಸ್ತೀಯ?"

"ಅಚ್ಚಾದ ಮೇಲೆ ಗ್ರಂಥಾಲಯದಲ್ಲಿ ಸಿಗತ್ತೆ, ಸೆನ್ಸೇ."

ರೈಲು ಬಂತು. ಇಬ್ಬರೂ ಬೇರೆ ಬೇರೆ ಬೋಗಿ ಹತ್ತಿದರು.