ಫಿಂಟಾಸಿನ ಫ್ಲ್ಯಾಟಿನಲ್ಲೊಂದು ಹೋಮ

ಕುವೈತಿನ ಫಿಂಟಾಸಿನಲ್ಲಿ ನಮ್ಮ ಮೇಲಿನ ಮಹಡಿಯಲ್ಲಿರುವ ಗೆಳೆಯರೊಬ್ಬರು ಮೈಸೂರಿನವರು, ಇಲ್ಲಿ ಬ್ಯಾಂಕಿನಲ್ಲಿ ಕೆಲಸ. ಒಬ್ಬಳೇ ಮಗಳು. ಹುಟ್ಟಿದ್ದು, ಬೆಳೆದದ್ದು ಎಲ್ಲ ಇಲ್ಲೇ. ಶಾಲೆ ಮುಗಿದ ಮೇಲೆ ಮೈಸೂರಿನ ಕಾಲೇಜಿಗೆ ಸೇರಿಸಿದ್ದರು. ವರ್ಷ ತುಂಬುವ ಮೊದಲೇ ಅವಳು ವಾಪಸು ಬಂದು ಕೋಣೆ ಸೇರಿಬಿಟ್ಟಳು. ಇಲ್ಲಿ ಶಾಲೆಯಲ್ಲಿ ಜೊತೆಗೆ ಓದಿದವರು ಆಗಲೇ ಒಬ್ಬೊಬ್ಬರು ಒಂದೊಂದು ದೇಶಕ್ಕೆ ಹೋಗಿಯಾಗಿತ್ತು. ತಾಯಿ ಕೊಟ್ಟ ಊಟದ ತಟ್ಟೆ ಮುಕ್ಕಾಲು ಪಾಲು ಹಾಗೇ ಹೊರಗೆ ಬರುತ್ತಿತ್ತು.

ಒಂದು ಸಂಜೆ ಗೆಳೆಯರು ನಮ್ಮ ಮನೆಗೆ ಬಂದರು.

"ಮನೇಲಿ ಒಂದು ಹೋಮ ಮಾಡಿಸ್ಬೇಕು ಅಂತಿದೀನಿ. ನಿಮಗೆ ಗೊತ್ತಲ್ಲ, ನೀವೇ ಮಾಡ್ಕೊಡಿ."

ನನ್ನ ಅಪ್ಪ ಪೌರೋಹಿತ್ಯ ಮಾಡುತ್ತಿದ್ದರು. ಚಿಕ್ಕಂದಿನಲ್ಲಿ ಕಲಿತ ಮಂತ್ರಗಳು ಇನ್ನೂ ಬಾಯಲ್ಲಿವೆ. ಹೊಟ್ಟೆಪಾಡಿಗೆ ಮಾತ್ರ ನಾನು ಶುಐಬಾದ ಕಾರ್ಖಾನೆಯಲ್ಲಿ ಎಲ್ಲೂ ಬೆಂಕಿ ಬೀಳದಂತೆ ಕಾಯುವ ಇಂಜಿನಿಯರು.

"ಡಾಕ್ಟರಿಗೆ ತೋರಿಸಿದ್ರಾ?" ಎಂದೆ.

"ತೋರಿಸೋಣ. ಮೊದಲು ಇದಾಗ್ಲಿ. ಒಂದ್ಸಲ ಮನೋರೋಗ ಅಂತ ಹೆಸರು ಬಂದ್ಬಿಟ್ರೆ ನಾಳೆ ಅವಳ ಗತಿ? ಈ ಒಂಟಿತನ, ಈ ಒತ್ತಡ, ಎಲ್ಲಕ್ಕೂ ಹಿಂದಿನೋರು ಅಗ್ನೀಲೇ ದಾರಿ ಇಟ್ಟಿದಾರೆ ಸಾರ್."

ಅವರು ಅಳುವುದೊಂದು ಬಾಕಿ ಇತ್ತು. ಒಪ್ಪಿಕೊಂಡೆ.

ಶುಕ್ರವಾರ ಬೆಳಿಗ್ಗೆ ಹಾಲ್‌ನ ಕಾರ್ಪೆಟ್ ಸುತ್ತಿಟ್ಟು ಚಿಕ್ಕ ತಾಮ್ರದ ಕುಂಡ ಇಟ್ಟೆವು. ಚಾವಣಿಯ ಹೊಗೆ ಪತ್ತೆಯಂತ್ರಕ್ಕೆ ಗೆಳೆಯರೇ ಪ್ಲಾಸ್ಟಿಕ್ ಕವರ್ ಕಟ್ಟಿದರು. ನಾನು ಆ ಕಡೆ ನೋಡದೆ ಒಂದು ಬಕೆಟ್ ನೀರು ತರಿಸಿ ಪಕ್ಕಕ್ಕಿಟ್ಟುಕೊಂಡೆ. ಗಂಡ ಹೆಂಡತಿ ಕೂತರು. ಮಗಳು ಬರಲಿಕ್ಕಿಲ್ಲ ಅಂದುಕೊಂಡಿದ್ದೆ. ಮೊದಲ ತುಪ್ಪ ಬೀಳುವ ಹೊತ್ತಿಗೆ ಬಂದು, ಗೋಡೆಗೆ ಒರಗಿ ಕೂತಳು. ತುಂಬ ಇಳಿದುಹೋಗಿದ್ದಳು.

ಆಹುತಿ ಬಿದ್ದಾಗಲೆಲ್ಲ ತಂದೆಯಿಂದ "ಇದಂ ನ ಮಮ" ಎಂದು ಹೇಳಿಸುತ್ತಿದ್ದೆ. ಸ್ವಲ್ಪ ಹೊತ್ತಾದ ಮೇಲೆ ಅವಳು ಕೇಳಿದಳು.

"ಅಂಕಲ್, ವಾಟ್ ಡಸ್ ದಟ್ ಮೀನ್?"

"ಇದು ನನ್ನದಲ್ಲ ಅಂತಮ್ಮ. ಕೊಟ್ಟಿದ್ದನ್ನ ಮತ್ತೆ ನನ್ನದು ಅನ್ನಬಾರದು ಅಂತ."

ಅವಳು ಬೆಂಕಿಯನ್ನೇ ನೋಡುತ್ತಿದ್ದಳು. "ನಂಗೆ ಈಗ್ಲೇ ಯಾವ್ದೂ ನಂದು ಅನ್ಸಲ್ಲ," ಎಂದಳು, ಅಪರೂಪಕ್ಕೆ ಕನ್ನಡದಲ್ಲಿ. "ಮೈಸೂರಲ್ಲಿ ಎಲ್ರೂ ಕುವೈತ್ ಹುಡುಗಿ ಅಂತಿದ್ರು. ಇಲ್ಲಿರೋಕೆ ಅಪ್ಪಂಗೆ ಕೊಟ್ಟಿರೋ ಇಕಾಮಾ ಮುಗಿದ್ರೆ ನಾನೂ ಖಲಾಸ್."

ತಾಯಿ ಸೆರಗನ್ನು ಬಾಯಿಗೊತ್ತಿಕೊಂಡರು. ತಂದೆಯ ಕೈಯಲ್ಲಿ ತುಪ್ಪದ ಸೌಟು ಹಾಗೇ ನಿಂತಿತ್ತು. ಮಗಳ ಕಡೆ ತಿರುಗುತ್ತಾರೆಂದು ಕಾದೆ. ಅವರು ನನ್ನ ಕಡೆ ತಿರುಗಿ, "ಮುಂದಿನ ಮಂತ್ರ ಹೇಳಿ ಸಾರ್," ಎಂದರು. ನಾನೂ ಅವಳ ಕಡೆ ನೋಡದೆ ಮುಂದಿನ ಮಂತ್ರ ಹೇಳಿದೆ.

ಹೋಮ ಮುಗಿದು ಕೆಲವು ವಾರಗಳಲ್ಲೇ ಅವಳು ಬಚ್ಚಲಲ್ಲಿ ತಲೆಸುತ್ತಿ ಬಿದ್ದಳು. ಕೊನೆಗೆ ಡಾಕ್ಟರ ಹತ್ತಿರ ಹೋದರು. ಈಗ ಮನಸ್ಸಿಗೆಂದು ಕೊಟ್ಟ ಮಾತ್ರೆ ನುಂಗುತ್ತಾಳೆ. ಕೆಲವು ದಿನ ಸಮುದ್ರದ ದಂಡೆಯವರೆಗೆ ನಡೆದು ಬರುತ್ತಾಳೆ, ಕೆಲವು ದಿನ ಹಾಸಿಗೆಯಿಂದಲೇ ಏಳುವುದಿಲ್ಲ. ತಂದೆ ಬೆಳಿಗ್ಗೆ ಸಂಜೆ ಬಾಲ್ಕನಿಯಲ್ಲಿ ಪುಟ್ಟ ಅಗ್ನಿಹೋತ್ರ ಹಚ್ಚುತ್ತಾರೆ. ಮನಸ್ಸಾದಾಗ ಅವಳೂ ಹೋಗಿ ಪಕ್ಕದಲ್ಲಿ ಕೂರುತ್ತಾಳಂತೆ. ನಂಬಿಕೆ ಬಂತಾ ಎಂದು ನನ್ನ ಹೆಂಡತಿ ಕೇಳಿದ್ದಕ್ಕೆ, "ಆ ಟೈಮಲ್ಲಿ ಅಪ್ಪ ಫೋನ್ ನೋಡಲ್ಲ ಆಂಟಿ," ಅಂದಳಂತೆ.

ಹೋದ ವಾರ ಲಿಫ್ಟಿನಲ್ಲಿ ಗೆಳೆಯರು ಸಿಕ್ಕರು.

"ಇನ್ನೊಂದು ಹೋಮ ಮಾಡೋಣ್ವಾ? ಈ ಸಲ ಸ್ವಲ್ಪ ದೊಡ್ಡದಾಗಿ."

ಫಲ ಸಿಗುತ್ತದೆ ಎನ್ನಲು ನನಗೆ ಧೈರ್ಯವಿಲ್ಲ, ಸಿಗುವುದಿಲ್ಲ ಎನ್ನಲು ಮನಸ್ಸಿಲ್ಲ. "ನನ್ನನ್ನಲ್ಲ, ಅವಳನ್ನ ಕೇಳಿ ನೋಡಿ," ಎಂದೆ.

"ಏನಂತ ಕೇಳ್ಲಿ ಸಾರ್?" ಎಂದು ಅವರು ನನ್ನನ್ನೇ ಕೇಳಿದರು.